ಪೊರಕೆಯ ಮುಂದೆ ಅತ್ತೆ

ಕನ್ನಡಕದಂಗಡಿಯವನನ್ನು ಓಟದ ಕ್ಲಬ್ಬಿನಲ್ಲಿ ಎಲ್ಲರೂ ಬಾಲಂಗೋಚಿ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಕ್ಲಬ್ಬು ನಡೆಸುವ ಪ್ರತಿ ಪಂದ್ಯದಲ್ಲೂ ಎಲ್ಲರಿಗಿಂತ ಹಿಂದೆ ಬರುವುದು ಅವನ ಕೆಲಸ. ಯಾರಾದರೂ ದಾರಿ ತಪ್ಪಿದರೆ, ಕಾಲು ಉಳುಕಿಸಿಕೊಂಡರೆ, ಸುಸ್ತಾಗಿ ಕೂತುಬಿಟ್ಟರೆ ಕರೆದುಕೊಂಡು ಬರಲು ಒಬ್ಬ ಬೇಕಲ್ಲ. ಗುರುತಿಗೆಂದು ಬೆನ್ನಿಗೆ ಉದ್ದ ಹಿಡಿಯ ಪೊರಕೆಯೊಂದನ್ನು ಕಟ್ಟಿಕೊಳ್ಳುತ್ತಿದ್ದ. ಪೊರಕೆ ಗೆರೆ ದಾಟಿತೆಂದರೆ ದಾರಿಯಲ್ಲಿ ಯಾರೂ ಉಳಿದಿಲ್ಲ, ಪಂದ್ಯ ಮುಗಿಯಿತು ಎಂದು ಅರ್ಥ. ದಿನವಿಡೀ ಅಂಗಡಿಯಲ್ಲಿ ‘ಈಗ ಕಾಣುತ್ತಾ? ಈಗ?’ ಎಂದು ಜನರನ್ನು ಕೇಳುತ್ತ ಕೂರುವವನಿಗೆ, ಎಲ್ಲರ ಬೆನ್ನು ನೋಡಿಕೊಂಡು ಏನೂ ಕೇಳದೆ ಹೆಜ್ಜೆ ಹಾಕುವುದು ಹಿತವಾಗಿತ್ತು.

ಆ ವಾರ ಕ್ಲಬ್ಬು ಎರಡು ಪಂದ್ಯ ಇಟ್ಟುಕೊಂಡಿತ್ತು. ಶನಿವಾರ ಊರೊಳಗಿನ ರಸ್ತೆಯಲ್ಲಿ ಹತ್ತು ಕಿಲೋಮೀಟರ್, ಭಾನುವಾರ ಊರಾಚೆಯ ಗುಡ್ಡದ ಕಾಲುದಾರಿಯಲ್ಲಿ ಹದಿನಾಲ್ಕು. ಅದೇ ವಾರ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದರು. ಮೂವತ್ತನಾಲ್ಕು ವರ್ಷ ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತರಾದ ಹೆಂಗಸು. ಮಗಳ ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವರು ಅಳಿಯನೊಂದಿಗೆ ಆಡಿದ ಮಾತನ್ನೆಲ್ಲ ಒಂದು ಟಿಕೆಟ್ಟಿನ ಹಿಂಬದಿಯಲ್ಲಿ ಬರೆಯಬಹುದಿತ್ತು. ಊಟದ ಮೇಜಿನ ಮೇಲೆ ಪಂದ್ಯದ ಎರಡು ಖಾಲಿ ಫಾರಂ ಬಿದ್ದಿದ್ದವು. ಖಾಲಿ ಫಾರಂ ಕಂಡರೆ ತುಂಬದೆ ಬಿಡುವ ಕೈ ಅವರದಲ್ಲ. ತುಂಬಿದ ಮೇಲೆ ಓಡಲೇಬೇಕಲ್ಲ ಎಂದು ಮಗಳ ಹಳೆಯ ಬೂಟು ಹಾಕಿಕೊಂಡು ಹೊರಟರು. ವಯಸ್ಸು ಅರವತ್ತಾರು.

ಶನಿವಾರ ಏನೂ ತೊಂದರೆಯಾಗಲಿಲ್ಲ. ಅತ್ತೆ ಚೀಲ ಹಿಡಿದು ಸಂತೆಗೆ ಹೊರಟವರ ಹಾಗೆ ನಡೆದರು, ಅಳಿಯ ಹತ್ತು ಮಾರು ಹಿಂದೆ ಬಂದ. ಗಂಡಾಂತರ ಬಂದದ್ದು ಫಲಿತಾಂಶದ ಹಾಳೆಯಿಂದ. ಕಂಪ್ಯೂಟರ್ ನೋಡಿಕೊಳ್ಳುವ ಗಣಿತದ ಮೇಷ್ಟ್ರು ಪೊರಕೆಯವನ ನಂಬರನ್ನು ತೆಗೆಯಲು ಮರೆತಿದ್ದರು. ಹಾಳೆಯಲ್ಲಿ ಅತ್ತೆ ಇನ್ನೂರ ಹನ್ನೊಂದು, ಅಳಿಯ ಇನ್ನೂರ ಹನ್ನೆರಡು. ಅಳಿಯನನ್ನು ಸೋಲಿಸಿದೆನೆಂದು ಅತ್ತೆ ಮೂರು ಜನಕ್ಕೆ ಫೋನ್ ಮಾಡಿ ಹೇಳಿದರು. ಪಾಪ, ಅವರೂ ಕಷ್ಟಪಟ್ಟರು ಎಂದೂ ಸೇರಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳಿಗೆ ನಗು ತಡೆಯಲಾಗಲಿಲ್ಲ. “ಅಮ್ಮಾ, ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಕೊನೇಲಿ ಬರೋದೇ ಅವರ ಕೆಲಸ.”

ಅತ್ತೆ ಚಮಚ ಕೆಳಗಿಟ್ಟರು. ಹಾಗಾದರೆ ಕೊನೆಯವರು ಯಾರು ಎಂದು ಕೇಳಲಿಲ್ಲ, ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿ ಎದ್ದುಹೋದರು. ಸಂಜೆ ಕ್ಲಬ್ಬಿನ ನಿಯಮಗಳ ಪುಸ್ತಕ ತರಿಸಿಕೊಂಡು, ಅಳಿಯನೇ ಮಾಡಿಕೊಟ್ಟಿದ್ದ ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು.

ಭಾನುವಾರ ಗುಡ್ಡದ ಕಾಲುದಾರಿಯಲ್ಲಿ ನೂರ ಎಪ್ಪತ್ತು ಜನ ಹೊರಟರು. ಒಂಬತ್ತನೆಯ ಕಿಲೋಮೀಟರಿನವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ಒಂದು ಮರ ಉರುಳಿ ಬಿದ್ದಿತ್ತು. ಅತ್ತೆ ಅದರ ಮೇಲೆ ಕರವಸ್ತ್ರ ಹಾಸಿ ಕೂತರು. ಅಳಿಯ ಹತ್ತು ಮಾರು ದೂರದಲ್ಲಿ ನಿಂತ. ಸುಸ್ತಾಯಿತೇ ಎಂದು ಕೇಳಿದ. ಇಲ್ಲ ಎಂದರು. ಕಾಲು ನೋವೇ? ಅದೂ ಇಲ್ಲ.

“ನೀವು ಮುಂದೆ ಹೋಗಿ ಅಳಿಯಂದ್ರೇ. ನಾನು ನಿಮ್ಮ ಹಿಂದೆ ಬರ್ತೀನಿ. ಪೊರಕೆ ದಾಟಿದ ಮೇಲೆ ಬಂದೋರ ಹೆಸರು ಹಾಳೇಲಿ ಇರಲ್ಲ.”

ಹಾಗಾಗುವುದಿಲ್ಲ ಎಂದು ಅವನು ವಿವರಿಸಿದ. ಐದನೆಯ ನಿಯಮದ ಪ್ರಕಾರ ಪೊರಕೆಯ ಹಿಂದೆ ಯಾರೂ ಇರಕೂಡದು. ಅತ್ತೆ ಆ ನಿಯಮ ಇರುವ ಪುಟದ ಸಂಖ್ಯೆಯನ್ನೇ ಹೇಳಿದರು. ಆದರೆ ದಾರಿಯಲ್ಲಿ ಕೂರಕೂಡದು ಎಂದು ಎಲ್ಲೂ ಬರೆದಿಲ್ಲವಂತೆ. ಅವರು ಏಳುವುದಿಲ್ಲ, ಅವನು ದಾಟುವ ಹಾಗಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು, ಕೊನೆಗೆ ಅವನೂ ಅದೇ ಮರದ ಇನ್ನೊಂದು ತುದಿಯಲ್ಲಿ ಕೂತ.

ಅರ್ಧ ಗಂಟೆ ಇಬ್ಬರೂ ಇರುವೆ ಸಾಲು ನೋಡುತ್ತಿದ್ದರು. ಆಮೇಲೆ ಅತ್ತೆ ತಾವಾಗಿ ಮಾತು ತೆಗೆದರು. ಟಿಕೆಟ್ ಕಿಟಕಿಯನ್ನು ಎಂಟು ಗಂಟೆಗೆ ಸರಿಯಾಗಿ ಮುಚ್ಚಬೇಕಿತ್ತಂತೆ. ಸಾಲಿನಲ್ಲಿ ಎಷ್ಟೇ ಜನ ಇರಲಿ, ಎಂಟಾಯಿತೆಂದರೆ ಹಲಗೆ ಕೆಳಗೆ. ಆಗ ಕಿಟಕಿಯ ಎದುರಿಗಿದ್ದವರು ಬೈದುಕೊಂಡು ಹೋಗುತ್ತಿದ್ದರು. ಸಾಲಿನ ತುದಿಯವರು ಮಾತ್ರ ಬೈಯುತ್ತಿರಲಿಲ್ಲ, ತಮಗೆ ಇದು ಮೊದಲೇ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿ ಹೊರಡುತ್ತಿದ್ದರು.

“ಮೂವತ್ತನಾಲ್ಕು ವರ್ಷ ಆ ಮುಖ ನೋಡಿದೀನಿ. ಆ ಮುಖ ನಂಗೆ ಬೇಡ,” ಎಂದರು.

ಅಳಿಯ ಬೆನ್ನಿನ ಪೊರಕೆ ಬಿಚ್ಚಿ ಪಕ್ಕಕ್ಕೆ ಇಟ್ಟ. ಆಮೇಲೆ ನಿಯಮ ನೆನಪಾಗಿ ಮತ್ತೆ ಕಟ್ಟಿಕೊಂಡ.

ಅತ್ತ ಮುಕ್ತಾಯದ ಗೆರೆಯ ಬಳಿ ಜನರ ಹೊಟ್ಟೆ ತಾಳ ಹಾಕುತ್ತಿತ್ತು. ಪೊರಕೆ ಬಾರದೆ ಪಂದ್ಯ ಮುಗಿಯುವುದಿಲ್ಲ, ಪಂದ್ಯ ಮುಗಿಯದೆ ಬಹುಮಾನವಿಲ್ಲ, ಬಹುಮಾನವಾಗದೆ ಚಹಾ ಮತ್ತು ಬನ್ನು ಹಂಚುವಂತಿಲ್ಲ. ಈ ನಿಯಮಗಳನ್ನೆಲ್ಲ ಬರೆದವರು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಮೊದಲು ಅವರು ಫೋನ್ ಮಾಡಿದರು. ಹಲ್ಲು ಕೀಳುವ ಮುಂಚಿನ ದನಿಯಲ್ಲಿ, ಸ್ವಲ್ಪವೇ ಸ್ವಲ್ಪ, ಗೊತ್ತೇ ಆಗಲ್ಲ ಎಂದು ಅತ್ತೆಯನ್ನು ಸಮಾಧಾನಪಡಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು ಫೋನನ್ನು ಅಳಿಯನಿಗೆ ಹಿಂದಿರುಗಿಸಿದರು.

ಆಗ ಡಾಕ್ಟರು ಅಂದು ಮೊದಲು ಬಂದಿದ್ದ ಜಿಂಕೆಯನ್ನು ಅವರ ಬಳಿಗೆ ಓಡಿಸಿದರು. ಕೊರಿಯರ್ ಹಂಚುವ ಆ ಹುಡುಗಿಯ ಕಾಲು ನೆಲಕ್ಕೆ ತಾಗುವುದೇ ಅಪರೂಪವಾದ್ದರಿಂದ ಆ ಅಡ್ಡಹೆಸರು. ಅವಳು ಬಂದು, ಅಜ್ಜೀ ದಯವಿಟ್ಟು ಏಳಿ, ಬನ್ನು ಒಣಗುತ್ತಿದೆ ಎಂದು ಬೇಡಿಕೊಂಡಳು. ಅತ್ತೆ ಕೂರಲು ಅವಳಿಗೂ ಜಾಗ ಬಿಟ್ಟುಕೊಟ್ಟರು. ಒಂದೂವರೆ ಗಂಟೆಯಾದರೂ ಯಾರೂ ಬಾರದ್ದರಿಂದ ಡಾಕ್ಟರೇ ಹೊರಟುಬಂದರು. ಬೆಳಗ್ಗೆ ಅವರೂ ಓಡಿದ್ದರು. ಎದೆಗೆ ಇನ್ನೂ ನಂಬರಿನ ಚೀಟಿ ಇತ್ತು, ಕಾಲಿಗೆ ಮಾತ್ರ ಬೂಟು ಬಿಚ್ಚಿ ಹಾಕಿಕೊಂಡ ಹವಾಯಿ ಚಪ್ಪಲಿ.

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರ ಫೋನ್ ಬಂತು. ಅಳಿಯ ಎಲ್ಲರಿಗೂ ಕೇಳುವಂತೆ ಇಟ್ಟ. ನಂಬರಿನ ಚೀಟಿಯಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ, ಗೆರೆಯ ಮೇಲಿನ ಚಾಪೆ ಅದನ್ನು ಓದುತ್ತದೆ. ಜಿಂಕೆ, ಡಾಕ್ಟರು ಇಬ್ಬರೂ ಆ ಚಾಪೆಯನ್ನು ಹಿಮ್ಮುಖವಾಗಿ ದಾಟಿ ಹೋಗಿದ್ದರಿಂದ ಕಂಪ್ಯೂಟರ್ ಅವರ ಬೆಳಗಿನ ಓಟವನ್ನು ಅಳಿಸಿಹಾಕಿತ್ತು. ಈಗ ಅದರ ಪ್ರಕಾರ ಇನ್ನೂ ಓಟ ಮುಗಿಸದವರು ಮೂವರು.

“ಮೂರು ಜನ,” ಎಂದರು ಅತ್ತೆ.

ಎದ್ದರು. ಕರವಸ್ತ್ರ ಕೊಡವಿ ಮಡಿಸಿದರು. ಬೂಟಿನ ಲೇಸು ಬಿಗಿದರು. ಡಾಕ್ಟರಿಗೆ ವಿಷಯ ಅರ್ಥವಾಗುವ ಹೊತ್ತಿಗೆ ಅವರು ಮೂವತ್ತು ಮಾರು ಮುಂದಿದ್ದರು. ಜಿಂಕೆ ಒಮ್ಮೆ ‘ಅಯ್ಯೋ ನನ್ನ ಬಹುಮಾನದ ಕಪ್ಪು’ ಎಂದವಳೇ ಎಲ್ಲರನ್ನೂ ದಾಟಿ ಕಾಲಿಗೆ ಬುದ್ಧಿ ಹೇಳಿದಳು. ಉಳಿದದ್ದು ಅತ್ತೆ ಮತ್ತು ಡಾಕ್ಟರು, ಹಿಂದೆ ಪೊರಕೆ.

ಆ ಐದು ಕಿಲೋಮೀಟರು ಕ್ಲಬ್ಬಿನ ಚರಿತ್ರೆಯಲ್ಲೇ ಅತ್ಯಂತ ತುರುಸಿನ ಪೈಪೋಟಿ. ಡಾಕ್ಟರ ಚಪ್ಪಲಿ ಹೆಜ್ಜೆಗೊಮ್ಮೆ ಪಟ್ ಪಟ್ ಎನ್ನುತ್ತಿತ್ತು, ಅದನ್ನು ಕೇಳಿಯೇ ಅವರು ಎಷ್ಟು ಹತ್ತಿರ ಬಂದರೆಂದು ಅತ್ತೆ ತಿಳಿದುಕೊಳ್ಳುತ್ತಿದ್ದರು. ದಾರಿ ಕಿರಿದಾದಲ್ಲಿ ನಡುಮಧ್ಯದಲ್ಲೇ ನಡೆದರು. ಹಳ್ಳ ದಾಟುವಾಗ ಡಾಕ್ಟರ ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಅವರು ತಿರುಗಿ ಅಳಿಯನಿಗೆ, ನಾನು ಅಧ್ಯಕ್ಷ, ನನ್ನನ್ನು ದಾಟಿ ಹೋಗು ಎಂದು ಅಪ್ಪಣೆ ಮಾಡಿದರು. ಅವನು ವಿನಯದಿಂದ ಐದನೆಯ ನಿಯಮ ನೆನಪಿಸಿದ. ತಾನು ಬರೆದ ನಿಯಮವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಎಷ್ಟು ಕೆಟ್ಟದೆಂದು ಡಾಕ್ಟರಿಗೆ ಆವತ್ತು ಗೊತ್ತಾದಂತಿತ್ತು.

ಕೊನೆಗೆ ಗೆರೆ ಕಾಣುವಷ್ಟು ದೂರದಲ್ಲಿ ಡಾಕ್ಟರು ಏದುಸಿರು ಬಿಡುತ್ತ ರಾಜಿಗೆ ಬಂದರು. ಇಬ್ಬರೂ ಕೈಕೈ ಹಿಡಿದು ಒಟ್ಟಿಗೆ ದಾಟೋಣ, ಯಾರೂ ಕೊನೆಯವರಲ್ಲ ಎಂದರು.

ಅತ್ತೆ ತಿರುಗಿಯೂ ನೋಡಲಿಲ್ಲ. “ಒಬ್ಬೊಬ್ಬರಾಗಿ ಬನ್ನಿ,” ಎಂದು ಹೇಳಿ ಗೆರೆ ದಾಟಿದರು.

ಹಸಿದ ಜನ ಚಹಾ ಸಿಕ್ಕೀತೆಂಬ ಖುಷಿಗೆ ಚಪ್ಪಾಳೆ ಹೊಡೆದರು. ಅತ್ತೆ ಅದನ್ನು ತಮಗೇ ಎಂದುಕೊಂಡು ಎರಡೂ ಕೈ ಎತ್ತಿ ಸ್ವೀಕರಿಸಿದರು. ಹಾಳೆಯ ಪ್ರಕಾರ ಜಿಂಕೆ ನೂರ ಅರವತ್ತೆಂಟು, ಅತ್ತೆ ನೂರ ಅರವತ್ತೊಂಬತ್ತು, ಡಾಕ್ಟರು ನೂರ ಎಪ್ಪತ್ತು. ಮೊದಲ ಬಹುಮಾನದ ಕಪ್ಪು ಬೆಳಗ್ಗೆ ಎರಡನೆಯವನಾಗಿ ಬಂದವನಿಗೆ ಹೋಯಿತು. ಜಿಂಕೆ ನ್ಯಾಯಕ್ಕಾಗಿ ಕೂಗಾಡಿದಳು, ಮೇಷ್ಟ್ರು ಕಂಪ್ಯೂಟರಿನತ್ತ ಕೈ ತೋರಿಸಿದರು. ಕೊನೆಗೆ ಅವಳಿಗೆ ಉಳಿದ ಬನ್ನುಗಳನ್ನೆಲ್ಲ ಕಟ್ಟಿಕೊಟ್ಟು ಸಮಾಧಾನ ಮಾಡಿದರು. ಹಾಳೆಯ ಕೆಳಗೆ ಅಧ್ಯಕ್ಷರ ರುಜು ಬೇಕಿತ್ತು. ಡಾಕ್ಟರು ಒಂಟಿ ಚಪ್ಪಲಿಯಲ್ಲಿ ನಿಂತು ರುಜು ಹಾಕಿದರು.

ಸೋಮವಾರ ಬೆಳಗ್ಗೆ ಅಳಿಯ ಅಂಗಡಿಗೆ ಹೊರಡುವಾಗ ಅತ್ತೆ ವರಾಂಡದಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ಬಲಗಾಲಿನ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಹಾಗೆ ಕಪ್ಪಾಗಿತ್ತು. ಮಗಳಿಗೆ ತೋರಿಸಿರಲಿಲ್ಲ. ಅವನನ್ನು ಕರೆದು ತೋರಿಸಿದರು. ಅವನು ಚೀಲದಿಂದ ಭೂತಗನ್ನಡಿ ತೆಗೆದು, ನೆಲದ ಮೇಲೆ ಕೂತು, ಅತ್ತೆಯ ಪಾದವನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿದ. ಹನ್ನೊಂದು ವರ್ಷದಲ್ಲಿ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

“ಉಗುರು ಬಿದ್ದುಹೋಗುತ್ತೆ ಅತ್ತೆ,” ಎಂದ.

ಹೊಸದು ಬರಲು ಎಷ್ಟು ದಿನ ಬೇಕು ಎಂದು ಕೇಳಿದರು. ಪೂರ್ತಿ ಬರಲು ಒಂದು ವರ್ಷವಾದರೂ ಬೇಕು ಎಂದ. ಮುಂದಿನ ಪಂದ್ಯ ಯಾವಾಗ ಎಂದರು. ಮೂರು ತಿಂಗಳಿಗೆ ಎಂದ.

ಹಾಗಾದರೆ ಸಂಜೆ ಬರುವಾಗ ಫಾರಂ ತರಲು ಮರೆಯಬೇಡಿ, ಬೂಟು ಒಂದು ಅಳತೆ ದೊಡ್ಡದಿರಲಿ ಎಂದು ಹೇಳಿ ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು.