ಮುಳ್ಳುಹಂದಿಯ ಮೇಲಿನ ದೂರು

ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದ. ಯಜಮಾನರಿಗೆ ಅವನು ‘ಏನಪ್ಪಾ’, ಡಾಕ್ಟರುಗಳ ಕಡೆಯವರಿಗೆ ‘ಲ್ಯಾಬಿನವರು’, ಮನೆಯಲ್ಲಿ ಹೆಂಡತಿಗೆ ‘ರೀ’. ಆದರೆ ಫೋನಿನೊಳಗಿನ ಒಂದು ದೇಶದಲ್ಲಿ ಅವನಿಗೆ ದಿವಾನ ಎಂಬ ಹೆಸರಿತ್ತು, ಆ ಹೆಸರಿಗೆ ಒಂದಿಷ್ಟು ತೂಕವೂ ಇತ್ತು.

ಅದು ಇಂಟರ್‌ನೆಟ್ಟಿನಲ್ಲಿ ಆಡುವ ಆಟ. ಗುಂಡು ಹಾರಿಸುವುದು, ಗೋಡೆ ಹಾರುವುದು ಯಾವುದೂ ಅದರಲ್ಲಿಲ್ಲ. ಅಲ್ಲೊಂದು ದೇಶ, ಅದಕ್ಕೊಂದು ಸಂಸತ್ತು, ಪಕ್ಷಗಳು, ಪತ್ರಿಕೆಗಳು, ತಿಂಗಳಿಗೊಮ್ಮೆ ಅಧ್ಯಕ್ಷರ ಚುನಾವಣೆ. ಆಡುವವರೇ ಪ್ರಜೆಗಳು, ಆಡುವವರೇ ಮಂತ್ರಿಗಳು. ಒಂದು ಕಾಲಕ್ಕೆ ಹತ್ತು ಸಾವಿರ ಜನರಿದ್ದ ದೇಶ ಈಗ ಇನ್ನೂರ ಚಿಲ್ಲರೆಗೆ ಇಳಿದಿತ್ತು. ಬಿಟ್ಟು ಹೋಗುವವರೆಲ್ಲ ಹೋಗಿಯಾಗಿತ್ತು, ಬಿಡಲಾರದವರು ಉಳಿದಿದ್ದರು.

ದಿವಾನ ಕಟ್ಟಿದ್ದು ಇರುವೆ ಪಕ್ಷ. ಆರು ವರ್ಷದಲ್ಲಿ ಒಂಬತ್ತು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು ಒಂಬತ್ತು ಸಲವೂ ಸೋತಿದ್ದ. ಸೋಲಿಸಿದ್ದು ಸೇತುವೆ ಪಕ್ಷದ ಮುಂದಾಳು, ಮುಳ್ಳುಹಂದಿ ಎಂಬ ಹೆಸರಿನ ಆಸಾಮಿ. ಆತ ಉದ್ದುದ್ದ ಬರೆಯುತ್ತಿರಲಿಲ್ಲ. “ಇರುವೆ ಪಕ್ಷದ ಪ್ರಣಾಳಿಕೆ ಓದಿದೆ. ಸಕ್ಕರೆ ಎಲ್ಲಿದೆ ಅಂತ ಹೇಳಿದ್ದಾರೆ, ಹೊರೋರು ಯಾರು ಅಂತ ಹೇಳಿಲ್ಲ” ಎಂದು ಎರಡು ಸಾಲು ಬರೆದು ಬಿಟ್ಟರೆ ಸಾಕು, ದಿವಾನ ಹದಿನೈದು ದಿನ ಕೂತು ಬರೆದ ಪ್ರಣಾಳಿಕೆ ನಗೆಪಾಟಲಾಗುತ್ತಿತ್ತು. ಲ್ಯಾಬಿನಲ್ಲಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವಾಗ ಆ ಸಾಲುಗಳು ಅವನ ತಲೆಯಲ್ಲಿ ಕೊರೆಯುತ್ತಿದ್ದವು.

ಅದೇ ಸೇತುವೆ ಪಕ್ಷದಲ್ಲಿ ಕಂದೀಲು ಎಂಬ ಹೆಸರಿನ ಹೆಂಗಸೊಬ್ಬಳಿದ್ದಳು. ದಿವಾನ ಆಟಕ್ಕೆ ಹೊಸಬನಾಗಿ ಬಂದಾಗ ಕೈಹಿಡಿದು ನಡೆಸಿದ್ದು ಆಕೆಯೇ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಹಾಗಾಗಿ ಅಕ್ಕ ಎನ್ನುತ್ತಿದ್ದ. ಅವನ ತಾಯಿ ತೀರಿಕೊಂಡಾಗ ಆಕೆ ಫೋನ್ ನಂಬರು ಕೇಳಿ ತೆಗೆದುಕೊಂಡು, ಒಂದು ತಿಂಗಳು ದಿನಾ ಬೆಳಗ್ಗೆ ‘ಏನಾದ್ರೂ ತಿಂದ್ರಾ’ ಎಂದು ಮೆಸೇಜು ಕಳಿಸಿದ್ದಳು. ಒಡಹುಟ್ಟಿದವರು ಕೇಳದ ಮಾತು ಅದು.

ಹತ್ತನೇ ಸಲ ನಿಲ್ಲುವ ಮೊದಲು ದಿವಾನನನ್ನು ಚುನಾವಣಾ ಸಮಿತಿಗೆ ಹಾಕಿದರು. ಯಾರು ಯಾರಿಗೆ ಓಟು ಹಾಕಿದರು ಎಂಬುದು ಸಮಿತಿಗೂ ಕಾಣುವುದಿಲ್ಲ, ಯಾವಾಗ ಹಾಕಿದರು ಎಂಬುದು ಕಾಣುತ್ತದೆ. ಹಳೆಯ ಪಟ್ಟಿಗಳನ್ನು ತಿರುವಿಹಾಕುವಾಗ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಪ್ರತಿ ಚುನಾವಣೆಯಲ್ಲೂ ಮುಳ್ಳುಹಂದಿ ಓಟು ಹಾಕಿದ ಒಂದು ನಿಮಿಷಕ್ಕೆ ಕಂದೀಲು ಓಟು ಹಾಕಿದ್ದಳು. ಆಮೇಲೆ ಅವನು ಬೆನ್ನು ಬಿದ್ದ. ಇಬ್ಬರೂ ಒಂದೇ ಹೊತ್ತಿನಲ್ಲಿ ಬರೆದದ್ದೇ ಇಲ್ಲ. ಒಬ್ಬರು ನಾಲ್ಕು ದಿನ ಕಾಣದಿದ್ದರೆ ಇನ್ನೊಬ್ಬರೂ ಅದೇ ನಾಲ್ಕು ದಿನ ಕಾಣುತ್ತಿರಲಿಲ್ಲ. ಇಬ್ಬರೂ ‘ಅಧ್ಯಕ್ಷ’ ಬರೆಯುವಾಗ ಒತ್ತಕ್ಷರ ತಪ್ಪುತ್ತಿದ್ದರು.

ಒಬ್ಬರಿಗೆ ಒಂದೇ ಖಾತೆ ಎಂಬುದು ಆ ಆಟದ ಮೊದಲ ನಿಯಮ. ಅಕ್ಕನನ್ನೇ ಕೇಳಿಬಿಡೋಣ ಎಂದು ಅವನು ಎರಡು ಸಲ ಬರೆದ, ಎರಡು ಸಲವೂ ಅಳಿಸಿದ. ಕೇಳಿದರೆ ಆಕೆ ಏನಾದರೊಂದು ಹೇಳುತ್ತಾಳೆ, ಹೇಳಿದ್ದು ನಿಜವಾಗಿದ್ದರೆ ಒಪ್ಪಬೇಕಾಗುತ್ತದೆ. ಒಪ್ಪುವ ಮನಸ್ಸು ಅವನಿಗಿರಲಿಲ್ಲ.

ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಉಳಿದವರೆಲ್ಲ ಊಟಕ್ಕೆ ಕೂತಾಗ, ಪ್ಲಾಸ್ಟರ್ ಪುಡಿ ಹತ್ತಿದ ಬೆರಳಲ್ಲೇ ಅವನು ಆಟ ನಡೆಸುವವರಿಗೆ ದೂರು ಕಳಿಸಿದ. ತಾರೀಖು, ಗಂಟೆ, ನಿಮಿಷ ಎಲ್ಲ ಹಾಕಿ, ಎಲ್ಲೂ ಸಂದಿಲ್ಲದಂತೆ ಬರೆದಿದ್ದ. ದವಡೆಗೆ ಸೆಟ್ಟು ಕೂರುವಂತೆ ಕೂತಿತ್ತು ಅದು.

ಮೂರನೇ ದಿನ ಎರಡೂ ಹೆಸರುಗಳ ಮೇಲೆ ಕೆಂಪು ಗೀಟು ಬಿತ್ತು, ಖಾತೆಗಳು ಮುಚ್ಚಿದವು. ಚುನಾವಣೆಗೆ ಎರಡೇ ದಿನವಿತ್ತು. ಸೇತುವೆ ಪಕ್ಷಕ್ಕೆ ಬೇರೆ ಹುರಿಯಾಳು ಸಿಗಲಿಲ್ಲ. ದಿವಾನ ಅವಿರೋಧವಾಗಿ ಅಧ್ಯಕ್ಷನಾದ.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. “ಗೆದ್ದೆ ಕಣೇ,” ಎಂದ.

“ಯಾವುದು?”

“ಅಧ್ಯಕ್ಷ ಆದೆ.”

“ಸಂತೋಷ. ಅಧ್ಯಕ್ಷರು ಆ ಗ್ಯಾಸಿನವನಿಗೆ ಒಂದು ಫೋನ್ ಮಾಡಿದ್ರೆ ನಾಳೆ ಅಡುಗೆ ಆಗುತ್ತೆ.” ಆಮೇಲೆ ಅವನ ಮುಖ ನೋಡಿ, “ಗೆದ್ದೋರು ಹೀಗಿರ್ತಾರಾ? ಏನಾಯ್ತು ನಿಮಗೆ?” ಎಂದು ಕೇಳಿದಳು. ಅವನು ಏನೂ ಇಲ್ಲವೆಂದ.

ವಾರ ಕಳೆದ ಮೇಲೆ ಲ್ಯಾಬಿನಲ್ಲಿ ಅವನು ಸೆಟ್ಟಿಗೆ ಪಾಲಿಶ್ ಕೊಡುತ್ತಿರುವಾಗ ಫೋನ್ ಬಂತು. ಮೋಟಾರು ನಿಲ್ಲಿಸಿ ಎತ್ತಿಕೊಂಡ.

“ದಿವಾನ್ರಾ? ನಾನು ಕಂದೀಲು.”

ಆರು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿಯೇ ಇರಲಿಲ್ಲ. ಅಕ್ಕ ಎನ್ನದೆ, “ಹೇಳಿ,” ಎಂದ.

“ಕೆಲಸದ ಹೊತ್ತಲ್ಲಿ ತೊಂದ್ರೆ ಕೊಟ್ನೇನೋ. ನಮ್ಮಿಬ್ಬರ ಖಾತೆನೂ ಮುಚ್ಚಿಬಿಟ್ರು, ನೋಡಿರ್ತೀರಿ. ಯಾರೋ ದೂರು ಕೊಟ್ರಂತೆ, ಇಬ್ಬರೂ ಒಬ್ಬರೇ ಅಂತ. ಮುಳ್ಳುಹಂದಿ ನಮ್ಮ ಯಜಮಾನ್ರು.”

“ಯಜಮಾನ್ರಾ?”

“ಹೂಂ. ಕ್ರೇನ್ ನಡೆಸ್ತಿದ್ರು. ಏಳು ವರ್ಷ ಆಯ್ತು ಬಿದ್ದು. ಕತ್ತಿನಿಂದ ಕೆಳಗೆ ಏನೂ ಇಲ್ಲ. ಮಾತು ಮಾತ್ರ ಇದೆ, ಅದೂ ನಿಧಾನ. ಅವರು ಹೇಳೋರು, ನಾನು ಬರೆಯೋಳು. ಆಸ್ಪತ್ರೆಗೆ ಸೇರಿಸಿದಾಗ ಇಬ್ಬರೂ ಕಾಣ್ತಿರಲಿಲ್ಲ.” ಆಮೇಲೆ ಆಕೆ, “ಓಟು ಮಾತ್ರ ನಾನು ಯಾವಾಗಲೂ ನಿಮಗೇ ಹಾಕ್ತಿದ್ದೆ. ಮೊದಲು ಅವರದ್ದು ಒತ್ತಿ, ಆಮೇಲೆ ನಂದು ಒತ್ತೋದು. ಗೊತ್ತಾದಾಗಲೆಲ್ಲ ಅವರು ರೇಗೋರು. ಪಕ್ಷದ್ರೋಹಿ ಅನ್ನೋರು,” ಎಂದು ಸಣ್ಣಗೆ ನಕ್ಕಳು.

ದಿವಾನ ಕೈಯಲ್ಲಿದ್ದ ಸೆಟ್ಟನ್ನು ಮೇಜಿನ ಮೇಲಿಟ್ಟ.

“ಈಗ ನೀವೇ ಅಧ್ಯಕ್ಷರು. ನೀವು ಒಂದು ಮಾತು ಹೇಳಿದ್ರೆ ಕೇಳ್ತಾರೇನೋ ಅಂತ ಫೋನ್ ಮಾಡ್ದೆ. ಖಾತೆ ಹೋದಾಗಿಂದ ಅವರು ಸರಿಯಾಗಿ ಊಟ ಮಾಡ್ತಿಲ್ಲ.”

“ಬರೀತೀನಿ ಅಕ್ಕ. ಇವತ್ತೇ ಬರೀತೀನಿ.”

ಬರೆದ. ದೂರು ಕೊಟ್ಟವನು ತಾನೇ, ತನ್ನದು ತಪ್ಪಾಯಿತು, ಅವರು ಇಬ್ಬರು ಮನುಷ್ಯರು, ಒಬ್ಬರಿಗೆ ಕೈ ಆಡುವುದಿಲ್ಲ, ಹೆಂಡತಿಯೇ ಬರೆದುಕೊಡುತ್ತಾಳೆ ಎಂದು ವಿವರವಾಗಿ ಬರೆದ. ಎರಡು ದಿನಕ್ಕೆ ಉತ್ತರ ಬಂತು. ಒಬ್ಬರೇ ಎರಡು ಖಾತೆಗಳನ್ನು ನಡೆಸುತ್ತಿದ್ದರೆಂಬುದು ನಿಮ್ಮ ಈ ಪತ್ರದಿಂದ ಖಚಿತವಾಗಿದೆ, ಪ್ರಕರಣ ಮುಗಿದಿದೆ, ಸಹಕಾರಕ್ಕೆ ವಂದನೆಗಳು ಎಂದಿತ್ತು. ಮತ್ತೆ ಬರೆದ. ಅದೇ ಉತ್ತರ, ತಾರೀಖು ಮಾತ್ರ ಬೇರೆ. ಮೂರನೆಯದಕ್ಕೆ ಉತ್ತರವೇ ಬರಲಿಲ್ಲ. ಅಧ್ಯಕ್ಷನಾದವನು ತೆರಿಗೆ ಏರಿಸಬಹುದಿತ್ತು, ಪಕ್ಕದ ದೇಶದ ಮೇಲೆ ಯುದ್ಧ ಸಾರಬಹುದಿತ್ತು. ಮುಚ್ಚಿದ ಖಾತೆ ತೆರೆಸುವುದು ಅವನ ಕೈಯಲ್ಲಿರಲಿಲ್ಲ.

ಆಕೆ ವಿಳಾಸ ಕಳಿಸಿದಳು, ಯಜಮಾನ್ರು ನಿಮ್ಮನ್ನು ನೋಡಬೇಕಂತೆ ಎಂದು. ಅದೇ ಊರು, ಎರಡು ಬಸ್ಸು ಬದಲಿಸಿದರೆ ಆಯಿತು. ಭಾನುವಾರ ಬೆಳಗ್ಗೆ ಹೋದ.

ಮೂರನೇ ಮಹಡಿಯ ಮನೆ. ಬಾಗಿಲು ತೆರೆದವಳು ಬಿಳಿಗೂದಲಿನ, ತೆಳ್ಳನೆಯ ಹೆಂಗಸು. ಮೊಣಕೈವರೆಗೆ ಒದ್ದೆ, ಗಂಡನಿಗೆ ಮೈ ಒರೆಸುತ್ತಿದ್ದಳೇನೋ. ಇದ್ದ ಎರಡು ಕೋಣೆಗಳಲ್ಲಿ ಒಂದನ್ನು ಮಂಚವೇ ನುಂಗಿಹಾಕಿತ್ತು. ಮಂಚದ ಪಕ್ಕ ಡೆಟಾಲಿನ ವಾಸನೆಯ ಬಕೆಟ್ಟು, ಒಂದು ಸ್ಟೂಲು, ಅದರ ಮೇಲೆ ಹಳೆಯ ಕಂಪ್ಯೂಟರು. ಗೋಡೆಗೆ ಅಂಟಿಸಿದ ಹಾಳೆಗಳಲ್ಲಿ ಯಾವ ಇಲಾಖೆಗೆ ಯಾವ ಮಂತ್ರಿ ಎಂದು ಆಕೆಯ ಕೈಬರಹದಲ್ಲಿತ್ತು, ‘ಅಧ್ಯಕ್ಷ’ದ ಒತ್ತಕ್ಷರ ತಪ್ಪಿತ್ತು. ಮಲಗಿದಲ್ಲಿಂದಲೇ ಕಾಣಲೆಂದು ಅವನ್ನು ಕೆಳಗೆ ಅಂಟಿಸಿದ್ದರು.

ಆತನ ತಲೆ ದಿಂಬಿನಲ್ಲಿ ಹೂತಿತ್ತು. ಕಣ್ಣು ಮಾತ್ರ ಚುರುಕಾಗಿತ್ತು.

“ಇರುವೆ ಬಂತಾ?” ಎಂದ. ಒಂದೊಂದು ಮಾತಿಗೂ ಉಸಿರು ಕೂಡಿಸಬೇಕಿತ್ತು. “ಕೂತ್ಕೊಳಪ್ಪಾ. ಹಲ್ಲು ಕಟ್ಟೋ ಕೆಲಸ ಅಂತೆ. ನಂದು ಇನ್ನೂ ಗಟ್ಟಿ ಇದೆ. ಅದೊಂದೇ ಗಟ್ಟಿ.”

ದಿವಾನ ನಗಲು ನೋಡಿದ. ಆಕೆ ಚಹಾ ತಂದು ಕೊಟ್ಟು, ಗಂಡನ ತಲೆಯ ಬಳಿ ನಿಂತಳು.

“ನಿನ್ನ ರೈಲ್ವೆ ಯೋಜನೆ ಇತ್ತಲ್ಲ, ಎರಡು ವರ್ಷದ ಹಿಂದಿಂದು,” ಎಂದ ಆತ, “ಒಳ್ಳೇದಿತ್ತು ಅದು. ಹೇಳಿರಲಿಲ್ಲ. ಹೇಳಿದ್ರೆ ಸೋತುಬಿಡ್ತಿದ್ದೆ.” ಸ್ವಲ್ಪ ಸುಧಾರಿಸಿಕೊಂಡು ಕೇಳಿದ. “ದೂರು ಕೊಟ್ಟೋರು ಯಾರು, ಗೊತ್ತಾಯ್ತಾ?”

ಬೇರೆ ಯಾರದಾದರೂ ಹೆಸರು ಹೇಳಬಹುದಿತ್ತು. ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

“ನಾನೇ,” ಎಂದ.

ಆಕೆ ಗಂಡನ ಹಣೆಯ ಮೇಲೆ ಇಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ಹೊರಗೆ ಯಾರೋ ಮೆಟ್ಟಿಲ ಮೇಲೆ ಏನನ್ನೋ ಎಳೆದುಕೊಂಡು ಹೋಗುತ್ತಿದ್ದರು.

“ಕೇಳಬಹುದಿತ್ತು,” ಎಂದ ಆತ.

“ಹೂಂ.”

“ಇವಳನ್ನ ಅಕ್ಕ ಅಂತಿದ್ದೆ. ಒಂದು ಮಾತು ಕೇಳಬಹುದಿತ್ತು.”

“ನನ್ನ ಖಾತೆ ನಿಮಗೇ ಕೊಡ್ತೀನಿ,” ಎಂದ ದಿವಾನ. ಬಸ್ಸಿನಲ್ಲಿ ಅದನ್ನೂ ಯೋಚಿಸಿದ್ದ. “ಅಧ್ಯಕ್ಷ ಸ್ಥಾನವೂ ಇದೆ. ನೀವು ಹೇಳಿ, ಅಕ್ಕ ಬರೀಲಿ. ನಾನು ಮತ್ತೆ ಆ ಕಡೆ ತಲೆ ಹಾಕಲ್ಲ.”

ಆತ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಆತನಿಂದ ಆಗುವುದು ಅಷ್ಟೇ.

ಉತ್ತರ ಕೊಟ್ಟವಳು ಆಕೆ. “ಅಲ್ಲಿ ಅವರಿಗೆ ಇದ್ದಿದ್ದು ಅವರ ಮಾತೊಂದೇ,” ಎಂದಳು. “ನಿಮ್ಮ ಹೆಸರು ಹಾಕ್ಕೊಂಡು ಏನು ಮಾತಾಡ್ತಾರೆ?” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. “ಲೋಟ ಅಲ್ಲೇ ಇಡಿ. ನಾನು ತೆಗೀತೀನಿ.”

ಮುಂದಿನ ದಿನಗಳಲ್ಲಿ ಸೇತುವೆ ಪಕ್ಷದವರು ಒಬ್ಬೊಬ್ಬರಾಗಿ ಆಟ ಬಿಟ್ಟರು. ಬೈಯುವುದಕ್ಕೆ ಮುಳ್ಳುಹಂದಿ ಇಲ್ಲವೆಂದ ಮೇಲೆ ಇರುವೆ ಪಕ್ಷದವರಿಗೂ ಉತ್ಸಾಹ ಉಳಿಯಲಿಲ್ಲ. ದಿವಾನ ತಾನು ಮಾಡಿದ್ದನ್ನು ಆಟದ ಪತ್ರಿಕೆಯಲ್ಲಿ ಬರೆದು ಹಾಕಿದ. ಓದಿದವರು ಹನ್ನೊಂದು ಜನ. ಒಬ್ಬ ಕೆಳಗೆ, ‘ನಿಯಮ ಅಂದ್ರೆ ನಿಯಮ, ನೀವು ಮಾಡಿದ್ದೇ ಸರಿ’ ಎಂದು ಬರೆದಿದ್ದ. ಮರು ತಿಂಗಳು ಅವನು ನಿಲ್ಲಲಿಲ್ಲ, ಬೇರೆ ಯಾರೂ ನಿಲ್ಲಲಿಲ್ಲ. ಅಭ್ಯರ್ಥಿಗಳಿಲ್ಲದ ಕಾರಣ ಸ್ಥಾನ ಖಾಲಿ ಎಂದು ಪರದೆಯ ಮೇಲೆ ಒಂದು ಸಾಲು ಬಂತು, ಆಮೇಲೆ ಅದೂ ಹೋಯಿತು.

ಭಾನುವಾರಗಳಂದು ಅವನು ಆ ಮನೆಗೆ ಹೋಗುತ್ತಿದ್ದ. ಮೊದಲ ಸಲ ಆಕೆ ಬಾಗಿಲನ್ನು ಅರ್ಧ ತೆರೆದು, “ಮಲಗಿದ್ದಾರೆ,” ಎಂದಳು. ಎರಡನೇ ಸಲವೂ ಅದನ್ನೇ ಹೇಳಿದಳು. ಮೂರನೇ ಸಲ ಅವನು, “ಊಟ ಮಾಡ್ತಿದ್ದಾರಾ ಅಕ್ಕ?” ಎಂದು ಕೇಳಿದ.

“ತಿನ್ನಿಸಿದ್ರೆ ನುಂಗ್ತಾರೆ. ಮಾತು ಬಿಟ್ಟಿದ್ದಾರೆ.”

“ನನ್ನ ಹತ್ರಾನಾ?”

“ಯಾರ ಹತ್ರಾನೂ,” ಎಂದಳು ಆಕೆ. “ನನ್ನ ಹತ್ರಾನೂ ಇಲ್ಲ.”

ಆಕೆ ಬಾಗಿಲು ಮುಚ್ಚಲು ಕಾಯುತ್ತಿದ್ದಾಳೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಭಾನುವಾರ ಅವನು ಬಸ್ ನಿಲ್ದಾಣದವರೆಗೆ ಹೋಗಿ, ಎರಡು ಬಸ್ಸು ಬಿಟ್ಟು, ಮನೆಗೆ ವಾಪಸು ಬಂದ. ಅದರ ಮುಂದಿನ ಭಾನುವಾರ ಹೊರಡಲೇ ಇಲ್ಲ.