ಓನರ್ ಬರೆದ ಪುಸ್ತಕ

“ಸಂಜೆ ಆರಕ್ಕೆ ಕೆಳಗೆ ಬನ್ನಿ. ಪುಸ್ತಕದ ವಿಷಯ ಮಾತಾಡಬೇಕು.”

ಮನೆ ಓನರ್ ರಾಮಯ್ಯನವರ ಈ ಮೆಸೇಜನ್ನು ರಾಜಶ್ರೀ ಮಧ್ಯಾಹ್ನದಿಂದ ಏಳೆಂಟು ಸಲ ಓದಿದ್ದಳು. ಲ್ಯಾಬಿನ ಕೌಂಟರಿನಲ್ಲಿ ಕೂತು, ರಕ್ತ ಪರೀಕ್ಷೆಗೆ ಬಂದವರ ಹೆಸರು ಬರೆಯಬೇಕಾದ ಕಡೆ ತನ್ನ ಹೆಸರನ್ನೇ ಬರೆದು ಬೈಸಿಕೊಂಡಿದ್ದಳು. ಈಗ ಆರಕ್ಕೆ ಐದು ನಿಮಿಷ. ಮೊದಲ ಮಹಡಿಯ ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ನಿಂತಿದ್ದಳು.

“ನೀವೂ ಬರ್ರಿ. ನನಗ ಅಂಜಿಕಿ ಬರಾಕತ್ತೈತಿ.”

“ಬರಿಯೂ ಮುಂದ ಬರಲಿಲ್ಲೇನು ಅಂಜಿಕಿ?” ಎಂದ ಗಂಡ ಬಸವಂತ, ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು. “ಮನಿ ಬಿಡ್ರಿ ಅಂದ್ರ ಏನ್ ಮಾಡೂದು? ಈಕಿನ್ನ ಮೊನ್ನೆರ ಇಲ್ಲಿ ಸಾಲಿಗೆ ಹಚ್ಚೇವಿ.”

ಬೆಂಗಳೂರಿನ ಬಿಟಿಎಂನಲ್ಲಿ ಇದು ಅವರಿಗೆ ಮೂರನೆಯ ಮನೆ. ಹಿಂದಿನ ಎರಡರಲ್ಲೂ ರೊಟ್ಟಿ ಬಡಿಯುವ ಸದ್ದಿಗೇ ಓನರುಗಳು ತಕರಾರು ತೆಗೆದು ಹೊರಗೆ ಹಾಕಿದ್ದರು. ರಾಮಯ್ಯ ಹಾಗಲ್ಲ. ಇಲ್ಲೆಲ್ಲ ಹೊಲವಿದ್ದಾಗ ಉಳುತ್ತಿದ್ದ ಮನುಷ್ಯ; ಹೊಲ ಹೋಗಿ ಮೂರು ಅಂತಸ್ತಿನ ಕಟ್ಟಡ ಬಂದ ಮೇಲೆ ಆತ್ಮಕಥೆ ಬರೆದು, ತಾವೇ ಅಚ್ಚು ಹಾಕಿಸಿ, ಬಾಡಿಗೆಗೆ ಬಂದವರಿಗೆಲ್ಲ ಕೀಲಿಕೈಯ ಜೊತೆ ಒಂದೊಂದು ಪ್ರತಿ ಕೊಡುತ್ತಿದ್ದರು. ಉಳಿದ ಬಾಡಿಗೆಯವರು ಬುದ್ಧಿವಂತರು, ಓದಲಿಲ್ಲ. ರಾಜಶ್ರೀ ಓದಿದಳು. ಓದಿ ಸುಮ್ಮನಿದ್ದರೂ ಆಗುತ್ತಿತ್ತು. ಪ್ರತಿ ಭಾನುವಾರ ಓದುಗರ ವಾಟ್ಸಾಪ್ ಗುಂಪಿಗೆ ಆ ವಾರ ಓದಿದ ಪುಸ್ತಕಗಳ ಬಗ್ಗೆ ಬರೆಯುವ ಚಟ ಅವಳಿಗೆ. ಒಂದು ಕಾದಂಬರಿಯನ್ನು ಹೊಗಳಿ, ಒಂದು ಪ್ರವಾಸಕಥನವನ್ನು ತೆಗಳಿ, ಕೈ ತಡೆಯದೆ ಮೂರನೆಯದಾಗಿ ಇದನ್ನೂ ಸೇರಿಸಿದ್ದಳು. ಅದು ಯಾರ್‍ಯಾರ ಫೋನು ದಾಟಿತೋ, ಎರಡೇ ದಿನದಲ್ಲಿ ರಾಮಯ್ಯನವರ ನೆಂಟರ ಗುಂಪಿನಲ್ಲಿ ಬಂದು ಬಿದ್ದಿತ್ತು.

ಅವಳು ಒಬ್ಬಳೇ ಇಳಿದು ಹೋದಳು. ರಾಮಯ್ಯ ಬನಿಯನ್, ಪಂಚೆಯಲ್ಲಿ ಸೋಫಾದ ಮೇಲೆ ಕೂತಿದ್ದರು. ಫೋನಿನ ಅಕ್ಷರ ಕಣ್ಣಿಗೆ ಹತ್ತದೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಅವಳ ಬರಹದ ಹಾಳೆ ಟೀಪಾಯಿಯ ಮೇಲಿತ್ತು.

“ತಪ್ಪಾತ್ರಿ ಅಂಕಲ್. ಡಿಲೀಟ್ ಮಾಡೀನ್ರಿ ಅದನ್ನ.”

“ಡಿಲೀಟ್ ಮಾಡ್ಬಿಟ್ರೆ ನಮ್ ನೆಂಟ್ರು ಓದಿದ್ದು ಹೋಗ್ಬಿಡುತ್ತಾ?” ರಾಮಯ್ಯ ಹಾಳೆಯ ಮೇಲೆ ಬೆರಳು ಕುಟ್ಟಿದರು. “ಒಳ್ಳೆ ಜನ ಅಂತ ಮನೆ ಕೊಟ್ಟೆ. ಮುಂದಿನ ತಿಂಗ್ಳು ಖಾಲಿ ಮಾಡ್ಬಿಡಿ.”

ಹೆದರಿದ್ದೇ ಆಯಿತು.

ಅಡುಗೆಮನೆಯಿಂದ ಅವರ ಹೆಂಡತಿ ಮರಿಯಮ್ಮ ಒದ್ದೆ ಕೈಯಲ್ಲೇ ಬಂದರು. “ಖಾಲಿ ಮಾಡ್ಸೋ ಅಂಥದ್ದು ಏನಮ್ಮ ಬರ್ದೆ? ಬೆಳಗ್ಗಿಂದ ಕೇಳ್ತಾ ಇವ್ನಿ, ಬಾಯೇ ಬಿಡ್ತಿಲ್ಲ ಇವ್ರು. ನಂಗೆ ಓದಕ್ಕೆ ಬರಲ್ಲ. ನೀನೇ ಓದು.”

“ಪ್ರಿಂಟು ಸರಿಯಿಲ್ಲ, ಪೇಪರ್ ಸರಿಯಿಲ್ಲ ಅಂತ ಏನೋ ಬರ್ದವ್ರೆ, ಬಿಡು,” ಎಂದರು ರಾಮಯ್ಯ ಅವಸರದಿಂದ.

“ನೀವ್ ಸುಮ್ನಿರಿ. ನನ್ ವಿಷ್ಯಾನೂ ಐತಂತಲ್ಲಮ್ಮ ಆ ಪುಸ್ತಕದಲ್ಲಿ? ಮನೆಗ್ ಬಂದೋರ್‍ಗೆಲ್ಲ ಎಲೆ ಅಡಿಕೆ ಜೊತೆ ನಾನೇ ಕೊಟ್ಟಿವ್ನಿ. ಅದೇನನ್ನಿಸ್ತು ನಿಂಗೆ, ಅದನ್ನ ಹೇಳು.”

ರಾಜಶ್ರೀ ತಲೆಯೆತ್ತಿದಳು. ರಾಮಯ್ಯ ಅವಳನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಈಗ ಸಿಟ್ಟಿರಲಿಲ್ಲ. ಬೇಡ ಎಂದು ಅಂಗಲಾಚುತ್ತಿದ್ದರು. ಒಂದು ಸುಳ್ಳಿಗೆ ಮನೆ ಉಳಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು. ಹೇಳಲು ನಾಚಿಕೆಯೇನೂ ಆಗಲಿಲ್ಲ. ಹಾಳೆ ಎತ್ತಿಕೊಂಡಳು.

“ನಿಮ್ಮ ಬಗ್ಗೆ ಭಾಳ ಛಲೋ ಬರದಾರ ಅಂತ ಹಾಕೀನ್ರಿ ಅಮ್ಮಾರ. ನೀವು ಭಾಳ ದುಡದೀರಿ ಅಂತ…”

“ಕಣ್ಣು ಕಾಗ್ದದ ಮೇಲಿಲ್ವಲ್ಲ ನಿಂದು,” ಎಂದರು ಮರಿಯಮ್ಮ. “ಓದಕ್ಕೆ ಬರ್ದೇ ಇದ್ರೂ ಓದೋರ್‍ನ ನೋಡಿಲ್ವಾ ನಾನು? ಇರೋದನ್ನ ಓದು.”

ಮರಿಯಮ್ಮ ಅವಳ ಪಕ್ಕಕ್ಕೇ ಬಂದು ನಿಂತು, ಅಕ್ಷರಗಳ ಮೇಲೆ ಬಗ್ಗಿದರು. ಅವಳಿಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಮಗಳು, ಅವಳ ಶಾಲೆ, ಮತ್ತೆ ಮನೆ ಹುಡುಕುವ ಬೀದಿಗಳು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಓದಿದಳು.

“‘ನೂರಾ ನಲವತ್ತು ಪುಟಗಳ ಈ ಪುಸ್ತಕದಲ್ಲಿ ಲೇಖಕರ ನಾಲ್ಕು ಹಸುಗಳಿಗೂ ಹೆಸರಿದೆ. ಹೆಂಡತಿಗೆ ಹೆಸರಿಲ್ಲ. ಆಕೆ ಮೂರು ಕಡೆ ಬರುತ್ತಾರೆ. ಮೂರು ಕಡೆಯೂ ಹೊಲಕ್ಕೆ ಊಟ ತರುತ್ತಾರೆ.’”

ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿ ನಿಂತಿತು. ಮರಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. ಕೈ ಆಗಲೇ ಒಣಗಿತ್ತು.

“ಏನೇನು ಹಸು ಹೆಸ್ರು?”

“ಚುಕ್ಕಿ, ಮಲ್ಲಿಗೆ, ಪುಟ್ಟಗೌರಿ, ಸಣ್ಣಕ್ಕ ಅಂತ ಅದಾವ್ರಿ.”

“ನಾನಿಟ್ಟಿದ್ದು,” ಎಂದರು ಮರಿಯಮ್ಮ. “ನಾಲ್ಕೂ ನಾನಿಟ್ಟಿದ್ದೇ.”

ರಾಮಯ್ಯ ಸೋಫಾದಿಂದ ಅರ್ಧ ಎದ್ದರು. ಮರಿಯಮ್ಮ ಅತ್ತ ನೋಡಲೂ ಇಲ್ಲ.

“ನೀನೆಲ್ಲೂ ಹೋಗ್ಬೇಡಮ್ಮ. ನಾಳೆಯಿಂದ ದಿನಾ ಸಾಯಂಕಾಲ ಬಾ. ಮೊದಲ್ನೇ ಪುಟದಿಂದ ಓದು, ಪೂರ್ತಿ ಕೇಳ್ಬೇಕು ನಾನು.” ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. “ಇವ್ರೂ ಇಲ್ಲೇ ಕೂತಿರ್ಲಿ.”

ರಾಜಶ್ರೀ ಹಾಳೆಯನ್ನು ಟೀಪಾಯಿಯ ಮೇಲಿಟ್ಟು ಮೆಲ್ಲಗೆ ಬಾಗಿಲ ಕಡೆ ನಡೆದಳು. ಮನೆ ಉಳಿದಿತ್ತು. ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದಳು. ರಾಮಯ್ಯ ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಜೇಬಿಗಾಗಿ ಎದೆಯ ಮೇಲೆ ತಡಕಾಡಿದರು. ಬನಿಯನ್ನಿಗೆ ಜೇಬಿರಲಿಲ್ಲ. ಅದನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲು ನೋಡುತ್ತ ಕೂತರು.