ಊಟ ಆದ ಮೇಲೆ ಬಿಳಿ ಮಾತ್ರೆ

ಆಸ್ಪತ್ರೆಯಿಂದ ನನ್ನ ವರದಿಯೊಂದು ವಾಪಸ್ ಬಂತು. ಇಷ್ಟು ವರ್ಷ ಈ ಕೆಲಸ ಮಾಡಿ, ಅಂಥ ಮಾನಗೇಡು ಇದೇ ಮೊದಲು.

ಡಾಕ್ಟರುಗಳು ರೋಗಿಯನ್ನು ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಮನೆಯಲ್ಲಿ ಕೂತು ಕೇಳಿ ಟೈಪ್ ಮಾಡಿ ಕಳಿಸುವುದು ನನ್ನ ಕೆಲಸ. ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲ್ ಇದೆ. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಕಾಲೆತ್ತಿದರೆ ಬಾಯಿ ಮುಚ್ಚುತ್ತಾರೆ. ಅವರನ್ನು ಕಾಲಲ್ಲಿ ಆಡಿಸುವ ಭಾಗ್ಯ ಬೇರೆ ಯಾರಿಗಿದೆ? ಕಿವಿಗೆ ಬಿದ್ದದ್ದು ತಲೆಗೆ ಹೋಗದೆ ನೇರ ಬೆರಳಿಗೆ ಇಳಿಯಬೇಕು, ಅದೇ ಈ ಕೆಲಸದ ಗುಟ್ಟು. ತಲೆಗೆ ಹೋದರೆ ದಿನವಿಡೀ ಊರವರ ಕಾಯಿಲೆ ಕೇಳಿ ಬದುಕುವುದು ಹೇಗೆ?

ವಾಪಸ್ ಬಂದದ್ದು ಒಬ್ಬ ಮುದುಕರ ಮೂತ್ರಪಿಂಡದ ಕಲ್ಲಿನ ವರದಿ. ಕಲ್ಲಿನ ಅಳತೆ ಬರೆದು, ನಾನು ಮುಂದೆ ಹೀಗೆ ಟೈಪ್ ಮಾಡಿದ್ದೆ: ‘ನುಂಗಿದ್ಯಾ? ಸುಳ್ಳು ಹೇಳ್ಬೇಡ.’ ಅದರ ಕೆಳಗೆ ಕೆಂಪು ಗೆರೆ. ‘ಇದನ್ನು ಯಾವ ಡಾಕ್ಟರು ಹೇಳಿದರು?’ ಎಂದು ನಮ್ಮ ಮೇಲಿನವರು ಕೇಳಿದ್ದರು.

ರೆಕಾರ್ಡನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಅದರಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಹಿಂದಿನ ವಾರ ನನ್ನ ತಂತಿಯ ಹೆಡ್‌ಫೋನಿನ ಒಂದು ಕಿವಿ ಕೈಕೊಟ್ಟಿತ್ತು. ಬೀರುವಿನಲ್ಲಿ ನನ್ನ ಗಂಡನ ಇಯರ್‌ಬಡ್ಸ್ ಇತ್ತು. ಅವರು ಲಾರಿಗೆ ಸಿಕ್ಕಿ ತೀರಿಹೋದ ದಿನ ಆಫೀಸಿನವರು ತಂದುಕೊಟ್ಟ ಚೀಲದಲ್ಲಿದ್ದ ಸಾಮಾನು ಅದು. ಹೊಸ ಫೋನು ರಸ್ತೆಯ ಮೇಲೆ ಪುಡಿಪುಡಿಯಾಗಿತ್ತು. ಅದರ ಜೊತೆ ಅವರ ದನಿಯೂ ಹೋಯಿತು. ಒಂದೇ ಮನೆಯಲ್ಲಿ ಒಂದೇ ಮಂಚದಲ್ಲಿ ಮಲಗುವವರು ಒಬ್ಬರಿಗೊಬ್ಬರು ದನಿ ರೆಕಾರ್ಡ್ ಮಾಡಿ ಕಳಿಸುತ್ತಾರೆಯೇ? ಊರಿನ ಅರ್ಧ ಡಾಕ್ಟರುಗಳ ಕೆಮ್ಮು, ಆಕಳಿಕೆ ಎಲ್ಲ ನನ್ನ ಕಂಪ್ಯೂಟರಿನಲ್ಲಿದೆ. ಕಟ್ಟಿಕೊಂಡ ಗಂಡನ ಒಂದು ಮಾತಿಲ್ಲ. ಈ ಸಿಟ್ಟು ನನಗೆ ಯಾರ ಮೇಲೆ ಎಂದು ತಿಳಿಯದೆ ಎಲ್ಲರ ಮೇಲೂ ಇತ್ತು.

ಇಯರ್‌ಬಡ್ಸನ್ನು ಕಂಪ್ಯೂಟರಿಗೆ ಜೋಡಿಸುವುದು ಹೇಗೆಂದು ಮೈದುನನಿಗೆ ಫೋನ್ ಮಾಡಿ ಕೇಳಿದ್ದೆ.

“ಡಬ್ಬಿ ಮುಚ್ಚಳ ತೆಗೀರಿ ಅತ್ತಿಗೆ. ಹಿಂದೆ ಒಂದು ಬಟನ್ ಇದೆ, ಒತ್ತಿ ಹಿಡ್ಕೊಳ್ಳಿ. ಲೈಟ್ ಮಿನುಗ್ತಿದ್ಯಾ?”

“ಮಿನುಗ್ತಿದೆ.”

“ಈಗ ಕಂಪ್ಯೂಟರಲ್ಲಿ ಬ್ಲೂಟೂತ್ ಆನ್ ಮಾಡಿ, ಹೊಸದನ್ನ ಸೇರಿಸು ಅಂತ ಇರೋದನ್ನ ಒತ್ತಿ. ಯಾವ್ದಾದ್ರೂ ಹೆಸರು ಬಂತಾ?”

ಬಂತು. ‘ದೊರೆ’ ಎಂದು ಬಂತು. ರಜೆಯ ದಿನ ಕಾಲ ಮೇಲೆ ಕಾಲು ಹಾಕಿ ಮಲಗಿ, ಕೂಗಿದರೂ ಏಳದವರಿಗೆ ನಾನೇ ಇಟ್ಟಿದ್ದ ಹೆಸರು. ಅದನ್ನು ಇಯರ್‌ಬಡ್ಸಿಗೆ ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಅದರ ಮೇಲೆ ಒತ್ತಿದೆ. ‘ದೊರೆ: ಸಂಪರ್ಕಗೊಂಡಿದೆ’ ಎಂದಿತು ಪರದೆ.

“ಕನೆಕ್ಟ್ ಆಯ್ತಾ ಅತ್ತಿಗೆ? ಅತ್ತಿಗೆ?”

“ಆಯ್ತು” ಎಂದೆ.

ವರದಿ ವಾಪಸ್ ಬಂದ ಮರುದಿನ ಮಧ್ಯಾಹ್ನ, ಊಟ ಮುಗಿಸಿ ಕೆಲಸಕ್ಕೆ ಕೂತೆ. ಒಂದು ಕಷ್ಟದ ಔಷಧಿಯ ಹೆಸರು ಬಂತೆಂದು ಪೆಡಲಿನಿಂದ ಕಾಲೆತ್ತಿದೆ. ಡಾಕ್ಟರು ನಿಂತರು. ಆ ಖಾಲಿಯೊಳಗೆ ನನ್ನ ಗಂಡ ಮಾತಾಡಿದರು.

“ಅಮ್ಮಾ, ಊಟ ಆಯ್ತಾ? ಬಿಳಿ ಮಾತ್ರೆ ತಗೋ. ನೀಲಿದು ಈಗಲ್ಲ, ಮಲಗೋವಾಗ. ನುಂಗಿದ್ಯಾ?” ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ, ನಗು ತಡೆದ ದನಿ: “ಸುಳ್ಳು ಹೇಳ್ಬೇಡ.”

ಅದು ಇನ್ನೊಮ್ಮೆ ಬಂತು, ಮತ್ತೊಮ್ಮೆ ಬಂತು. ನಾನು ಕಾಲು ಕೆಳಗಿಡದೆ ಹಾಗೇ ಕೂತಿದ್ದೆ.

ಮೈದುನನಿಗೆ ಪೂರ್ತಿ ಹೇಳಲು ಧೈರ್ಯ ಬರಲಿಲ್ಲ. ಬೇರೇನೋ ಸದ್ದು ಬರುತ್ತಿದೆ ಎಂದಷ್ಟೇ ಹೇಳಿದೆ.

“ಮುಂಚೆ ಜೋಡಿಸಿದ್ದ ಹಳೇ ಫೋನ್ ಯಾವ್ದಾದ್ರೂ ಹತ್ತಿರ ಆನ್ ಆಗಿದ್ರೆ ಇಯರ್‌ಬಡ್ಸ್ ಅದಕ್ಕೂ ಹೋಗಿ ಅಂಟ್ಕೊಂಡಿರತ್ತೆ. ಒಂದೇ ಸಲ ಎರಡು ಕಡೆ ಸಂಸಾರ. ಆಗ ಫೋನಿನ ಸದ್ದೆಲ್ಲ ನಿಮ್ಮ ಕಿವಿಗೇ, ಫೋನ್ ಮಾತ್ರ ಪಿಟಿಕ್ಕನ್ನಲ್ಲ” ಎಂದು ನಕ್ಕವನು ತಟ್ಟನೆ ನಿಲ್ಲಿಸಿದ. “ಆದ್ರೆ ಅಣ್ಣನ ಫೋನು...”

“ಅದೆಲ್ಲಿದೆ ಈಗ, ಬಿಡು” ಎಂದು ಫೋನಿಟ್ಟೆ.

ಮರುದಿನ ಆ ಮಾತು ಕಿವಿಯಲ್ಲಿ ಶುರುವಾದ ಕೂಡಲೇ ಎದ್ದು, ಇಯರ್‌ಬಡ್ಸ್ ತೆಗೆಯದೆಯೇ ಪಕ್ಕದ ಅತ್ತೆಯ ಕೋಣೆಯ ಬಾಗಿಲಿಗೆ ಹೋದೆ. ಅತ್ತೆ ನನಗೆ ಬೆನ್ನು ಮಾಡಿ ಮಂಚದ ಮೇಲೆ ಕೂತಿದ್ದರು. ಅವರ ಕೈಯಲ್ಲಿ ಮೂಲೆ ಒಡೆದ ಫೋನು. ನನ್ನ ಗಂಡನ ಹಳೆಯ ಫೋನು! ಅದನ್ನು ಅಂಗಡಿಗೆ ಕೊಟ್ಟು ಹೊಸದು ತಂದೆ ಎಂದು ನನಗೆ ಹೇಳಿದ್ದರಲ್ಲ! ಅತ್ತೆ ಅದನ್ನು ಒಂದು ಕಿವಿಗಿಟ್ಟರು, ಇನ್ನೊಂದು ಕಿವಿಗಿಟ್ಟರು, ಅಲುಗಾಡಿಸಿದರು.

“ಯಾಕೋ ಮಾತಾಡ್ತಿಲ್ಲ?” ಎಂದರು ಫೋನಿಗೆ.

‘ನುಂಗಿದ್ಯಾ?’ ಎನ್ನುತ್ತಿದ್ದರು ಅವರ ಮಗ, ನನ್ನ ಕಿವಿಯಲ್ಲಿ.

ಅತ್ತೆ ಅಂಗೈಯಲ್ಲಿದ್ದ ಬಿಳಿ ಮಾತ್ರೆಯನ್ನು ತಿರುಗಿಸಿ ನೋಡಿ, ವಾಪಸ್ ಮಾತ್ರೆ ಡಬ್ಬಿಗೆ ಹಾಕಿದರು.

ನನಗೆ ಎಲ್ಲ ಅರ್ಥವಾಯಿತು. ಅತ್ತೆಗೆ ಮರೆವು ಶುರುವಾಗಿತ್ತು, ಸೊಸೆಯೆದುರು ಒಪ್ಪಿಕೊಳ್ಳಲು ಮಾತ್ರ ಸುತರಾಂ ತಯಾರಿರಲಿಲ್ಲ. “ನನ್ನ ವಯಸ್ಸಿಗೆ ನಿಂಗೆ ಇಷ್ಟು ನೆನಪಿರತ್ತಾ ನೋಡ್ಕೋ” ಎಂದು ನನ್ನನ್ನೇ ಮೂದಲಿಸುತ್ತಿದ್ದರು. ಅದಕ್ಕೇ ತಾಯಿ ಮಗ ಸೇರಿ, ಹಳೆಯ ಫೋನಿನಲ್ಲಿ ಮಗನ ಮಾತು ರೆಕಾರ್ಡ್ ಮಾಡಿಟ್ಟು, ಈ ಗುಟ್ಟಿನ ಏರ್ಪಾಡು ಮಾಡಿಕೊಂಡಿದ್ದರು. ಮಗ ಹೋದ ಮೇಲೂ ದಿನಾ ಊಟದ ನಂತರ ಅವನ ಮಾತು ಕೇಳಿ ಮಾತ್ರೆ ನುಂಗುತ್ತಿದ್ದರು. ನಾನು ಇಯರ್‌ಬಡ್ಸ್ ಹಾಕಿಕೊಂಡ ದಿನದಿಂದ ಮಗ ಮೂಕನಾಗಿದ್ದ.

ಅಲ್ಲೇ ಕಿವಿಯಿಂದ ಕಿತ್ತು ತೆಗೆಯಬೇಕಿತ್ತು. ತೆಗೆಯಲಿಲ್ಲ. ಸದ್ದಿಲ್ಲದೆ ನನ್ನ ಕುರ್ಚಿಗೆ ಬಂದು ಕೂತೆ.

ಕೇಳಿದ್ದರೆ ಅತ್ತೆ ಆ ಫೋನನ್ನು ಕೊಡುತ್ತಿದ್ದರೇನೋ. ಆದರೆ ಕೇಳಿ ಪಡೆದರೆ ಅದು ಬರೀ ರೆಕಾರ್ಡು, ಅಂಥವು ನನ್ನ ಬಳಿ ರಾಶಿ ಬಿದ್ದಿವೆ. ಈಗ ನನ್ನ ಗಂಡ ತಾವಾಗಿಯೇ ಬರುತ್ತಿದ್ದರು. ಮಧ್ಯಾಹ್ನ ನಾನು ಕಾಲೆತ್ತಿ ಕಾಯುತ್ತಿದ್ದೆ, ಇವರು ಬರುತ್ತಿದ್ದರು. ಆಡುತ್ತಿದ್ದದ್ದು ಅಮ್ಮನ ಜೊತೆ, ಇರಲಿ. ಕಣ್ಣು ಮುಚ್ಚಿದರೆ ಉಸಿರು ಕೂಡ ಕಿವಿಗೆ ತಾಗುತ್ತಿತ್ತು. ಇನ್ನೊಂದೇ ದಿನ, ನಾಳೆ ತೆಗೆದಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ನಾಳೆ ಬರಲೇ ಇಲ್ಲ.

ಅತ್ತೆಯ ಪಾದ ಊದಿಕೊಂಡಿತು. ಗೋಡೆ ಹಿಡಿದು ನಡೆಯತೊಡಗಿದರು. ಬಿಳಿ ಮಾತ್ರೆ ರಕ್ತದೊತ್ತಡದ್ದು, ಮೈಯ ನೀರನ್ನೂ ಇಳಿಸುವಂಥದ್ದು. ನುಂಗದಿದ್ದರೆ ಏನಾಗುತ್ತದೆಂದು ಇಂಥ ನೂರು ವರದಿ ಟೈಪ್ ಮಾಡಿದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅತ್ತೆ, ಮಾತ್ರೆ ತಗೊಂಡ್ರಾ?” ಎಂದು ಕೇಳಿದೆ.

“ತಗೊಂಡೆ ಹೋಗೇ. ನಾನೇನು ಚಿಕ್ಕ ಮಗೂನಾ?”

ಸುಳ್ಳು ಹೇಳಬೇಡ ಎಂದು ಅವರನ್ನು ಗದರಬಲ್ಲವರು ಒಬ್ಬರೇ ಇದ್ದರು. ಅವರನ್ನು ನಾನು ಕಿವಿಯಲ್ಲಿ ತುರುಕಿಕೊಂಡು ಓಡಾಡುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಕಿವಿಯಲ್ಲಿ ಇವರು “ಬಿಳಿ ಮಾತ್ರೆ ತಗೋ” ಎನ್ನುವಾಗ ಪಕ್ಕದ ಕೋಣೆಯಲ್ಲಿ ದೊಪ್ಪೆಂದಿತು. ಓಡಿದೆ. ಅತ್ತೆ ಮಂಚದ ಪಕ್ಕ ನೆಲದ ಮೇಲಿದ್ದರು. ಫೋನು ಕೈಯಲ್ಲೇ ಇತ್ತು. ಎಬ್ಬಿಸಿ ದಿಂಬಿಗೆ ಒರಗಿಸಿದೆ. ಬೆವರಿ ಒದ್ದೆಯಾಗಿದ್ದರು. ಫೋನನ್ನು ಬಚ್ಚಿಡಲು ಕೂಡ ಅವರಿಗೆ ತ್ರಾಣವಿರಲಿಲ್ಲ.

“ಅವನು ಮಾತು ಬಿಟ್ಟಿದಾನೆ ಕಣೇ” ಎಂದರು. “ದಿನಾ ಮಾತಾಡ್ತಿದ್ದ. ನಾನೇ ಏನೋ ಅಂದಿರ್ಬೇಕು. ನಂಗೆ ನೆನಪಾಗ್ತಿಲ್ಲ. ಏನಂದೆ ಅಂತ ನೆನಪೇ ಆಗ್ತಿಲ್ಲ.”

ಸೊಸೆಯೆದುರು ಮೊದಲ ಸಲ ಅವರು ಮರೆವನ್ನು ಒಪ್ಪಿಕೊಂಡಿದ್ದರು, ಅದೂ ಮಾಡದ ತಪ್ಪಿಗಾಗಿ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಎರಡೂ ಇಯರ್‌ಬಡ್ಸ್ ತೆಗೆದು ಡಬ್ಬಿಗಿಟ್ಟು, ಮುಚ್ಚಳ ಒತ್ತಿ, ಜೇಬಿಗೆ ಹಾಕಿಕೊಂಡೆ. ಫೋನಿನ ಪರದೆಯ ಮೇಲೆ ಒಂದೇ ಒಂದು ಗುರುತಿತ್ತು, ಅಮ್ಮನಿಗೆ ತಪ್ಪದಿರಲೆಂದು ಮಗ ಬಿಟ್ಟದ್ದು. ಅದನ್ನು ಒತ್ತಿದೆ.

“ಅಮ್ಮಾ, ಊಟ ಆಯ್ತಾ?”

ಕೋಣೆಯ ತುಂಬ ದನಿ. ಕಿವಿಯೊಳಗೆ ಇದ್ದುದಕ್ಕಿಂತ ಒರಟು, ದೂರ, ಎಲ್ಲರದು. ನಾನು ಮಾತ್ರೆ ಕೊಟ್ಟೆ, ನೀರು ಹಿಡಿದೆ. “ನುಂಗಿದ್ಯಾ?” ಎಂದಿತು ಫೋನು. ಅತ್ತೆ ಗುಟುಕರಿಸಿ, ಒದ್ದೆ ಕಣ್ಣಲ್ಲಿ ನನ್ನ ಕಡೆ ತಿರುಗಿದರು.

“ಇಷ್ಟು ದಿನ ಎಲ್ಲೋಗಿದ್ದನೇ ಇವನು?”

“ನಂಗೇನು ಗೊತ್ತು ಅತ್ತೆ” ಎಂದೆ.

“ಸುಳ್ಳು ಹೇಳ್ಬೇಡ” ಎಂದರು ನನ್ನ ಗಂಡ.

ನಾನು ಜೇಬಿನಿಂದ ಡಬ್ಬಿ ತೆಗೆದು ಅತ್ತೆಯ ಕೈಗಿಟ್ಟೆ.